ಮೂರನೆಯವ

ಶನಿವಾರ, ಗ್ರಿಮ್ಸ್‌ಬಿ. ಚರ್ಚಿನ ಹಿಂಬದಿ ಕೋಣೆಯಲ್ಲಿ
ಕೆಟ್ಟದ್ದನ್ನು ಬಿಚ್ಚಿ ನೋಡುವ ಮೇಜು ನನ್ನದು.
ಟೋಸ್ಟರು, ಇಸ್ತ್ರಿಪೆಟ್ಟಿಗೆ, ಹಾಡು ಮರೆತ ರೇಡಿಯೊ.
ಬಂದರಿನ ಗಾಳಿಗೆ ಬಾಗಿಲು ತಾನೇ ತೆರೆದು
ಹೊಗೆ ಹಾಕಿದ ಮೀನಿನ ವಾಸನೆ ಒಳಗೆ ಬಂದು ಕೂರುತ್ತದೆ,
ಅದಕ್ಕೆ ಸರದಿ ಚೀಟಿ ಬೇಕಿಲ್ಲ.

ಮೇವಿಸ್ ತಂದದ್ದು ಎರಡು ಕೋಲಿನ ಹಳೇ ಹೀಟರು,
ಮೊಮ್ಮಗುವಿನ ತಳ್ಳುಗಾಡಿಯಲ್ಲಿ, ಶಾಲು ಹೊದಿಸಿ.
"ಕೆಟ್ಟಿಲ್ಲ," ಎಂದಳು, "ಸೋಮಾರಿ, ಅಷ್ಟೆ.
ಯಾವ ಕಾಲದಿಂದಲೋ ಹೀಗೇ,
ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಂಪಾಗುವುದಿಲ್ಲ.
ರೆಜ್ ಇದ್ದಾಗ ನೂರು ಸಲ ಹೇಳಿದೆ.
ಚಳಿ ಇರುವುದು ನಿನ್ನ ಮೈಯಲ್ಲಿ, ಮನೆಯಲ್ಲಲ್ಲ, ಎನ್ನುತ್ತಿದ್ದ."

ಬೆನ್ನಿನ ತಗಡಿನ ಮೇಲೆ ಅರ್ಧ ಅಳಿಸಿದ ಅಕ್ಷರ:
ಇನ್ನೂರ ನಲವತ್ತು ವೋಲ್ಟು, ಎರಡು ಸಾವಿರ ವ್ಯಾಟು.
ಎಂಟು ಚಿಲ್ಲರೆ ಆಂಪು ಕುಡಿಯಬೇಕಾದ ಪ್ರಾಣಿ.
ಗೋಡೆಗೂ ಅದಕ್ಕೂ ನಡುವೆ ಮೀಟರು ಸಿಕ್ಕಿಸಿದೆ.
ಎರಡು ದಶಾಂಶ ಸೊನ್ನೆ ಎಂಟು.
ಕಣ್ಣುಜ್ಜಿ ನೋಡಿದೆ.
ಎರಡೇ. ಮೇಲೊಂದು ಚಿಟಿಕೆ.

ಗದಗಿನ ಐಟಿಐಯಲ್ಲಿ ಹುದ್ದಾರ ಮಾಸ್ತರರು
ಸೀಮೆಸುಣ್ಣ ಕಿವಿಗೆ ಸಿಕ್ಕಿಸಿ ಹೇಳುತ್ತಿದ್ದರು:
"ನೂಕಾಂವ ವೋಲ್ಟು, ಓಡಾಂವ ಆಂಪು, ಅಡ್ಡ ನಿಂದ್ರಾಂವ ಓಮು.
ಇಬ್ಬರನ್ನ ಹಿಡದು ಎದುರಾಬದರಾ ಕೂಡಸ್ರಿ,
ಮೂರನೇದಾಂವ ತಾನ ಬಾಯಿ ಬಿಡತಾನ."

ಕೂಡಿಸಿದೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿ,
ಇನ್ನೂರ ನಲವತ್ತನ್ನು ಆ ಎರಡು ಚಿಲ್ಲರೆಯಿಂದ ಭಾಗಿಸಿ:
ನೂರ ಹದಿನೈದು ಓಮು. ಇರಬೇಕಾದ್ದು ಇಪ್ಪತ್ತೊಂಬತ್ತು.
ಗುಣಿಸಿದೆ: ಐನೂರು ವ್ಯಾಟಿಗೆ ಒಂದು ಕಡಿಮೆ.
ತಡೆ ನಾಲ್ಕು ಪಟ್ಟು, ಬಿಸಿ ಕಾಲು ಪಾಲು.
ತುಕ್ಕಿಗೆ ಇಷ್ಟು ಚೊಕ್ಕ ಲೆಕ್ಕ ಬರುವುದಿಲ್ಲ.
ಇದು ಯಾರದೋ ಕೈ.

ನಾಲ್ಕು ತಿರುಪು. ಒಳಗೆ,
ಅಕ್ಕಪಕ್ಕ ಕೂತು ತಂತಮ್ಮ ತಟ್ಟೆಯಲ್ಲಿ ಉಣ್ಣಬೇಕಿದ್ದ ಕೋಲುಗಳು
ಒಂದರ ಬಾಲ ಇನ್ನೊಂದರ ಬಾಯಿಗೆ,
ಬೆರಳುದ್ದದ ತಾಮ್ರದ ತಂತಿಯಲ್ಲಿ.
ವೈರಮನ್ನು ಹಾಕುವ ಗಂಟಲ್ಲ ಅದು.
ಬಲೆಗೆ ಹಾಕುವ ಗಂಟು.

"ಹಡಗು ನಿಂತದ್ದು ಯಾವ ವರ್ಷ?" ಎಂದೆ.
"ಎಪ್ಪತ್ತೇಳು. ಟ್ರಾಲರು ಕಟ್ಟಿಹಾಕಿದರು,
ರೆಜ್ ಮನೆಗೆ ಬಂದ, ಮತ್ತೆ ಹೋಗಲಿಲ್ಲ. ಯಾಕೆ?"

ತಂತಿ ತೋರಿಸಿದೆ. ಪೊಟ್ಟಣ ತೋರಿಸಿದೆ.
ನಾಲ್ಕು ನಾಣ್ಯ ನುಂಗುವ ಕಡೆ ಮೀಟರು ಒಂದೇ ನುಂಗುವ ಹಾಗೆ.
ಕನ್ನಡಕ ಹಾಕಿಕೊಂಡು ಅವಳು ಲೆಕ್ಕ ನೋಡಲಿಲ್ಲ,
ಗಂಟನ್ನೇ ನೋಡಿದಳು.
"ಕಳ್ಳ," ಎಂದಳು.
ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, ಇನ್ನೊಂದು ಸಲ,
"ಕಳ್ಳ."

ಬಿಚ್ಚಿ, ಮೊದಲಿದ್ದ ಹಾಗೆ ಜೋಡಿಸಿ, ಮುಚ್ಚಿ, ಹಚ್ಚಿದೆ.
ಮೀಟರು ಎಂಟು ದಾಟಿತು.
ಕೋಲುಗಳು ಕಂದು, ಕಿತ್ತಳೆ, ಆಮೇಲೆ ನಿಗಿನಿಗಿ.
ಅರ್ಧ ಶತಮಾನದ ಧೂಳು ಸುಟ್ಟ ವಾಸನೆ.
ಸರದಿಯಲ್ಲಿದ್ದವರು ಟೋಸ್ಟರು ಬಗಲಲ್ಲಿಟ್ಟುಕೊಂಡು
ಸುತ್ತ ಬಂದು ನಿಂತರು, ಯಾರೂ ಕರೆಯದೆ.
ಮೇವಿಸ್ ಒಂದು ಕೋಟು ತೆಗೆದಳು.
ಒಳಗಿನ ಸ್ವೆಟರಿನ ಗುಂಡಿಗೆ ಬೆರಳಿಟ್ಟವಳು
ಅಲ್ಲೇ ನಿಂತುಬಿಟ್ಟಳು.

"ಅಷ್ಟೂ ಚಳಿಗಾಲ ಬರೀ ಅಂಗಿಯಲ್ಲಿ ಕೂರುತ್ತಿದ್ದ.
ತೋಳು ಮಡಿಸಿಕೊಂಡು, ನನ್ನೆದುರಿಗೆ.
ಹಣೆ ಒರೆಸಿಕೊಂಡು
ಅಬ್ಬಾ, ಸೆಕೆ, ಅನ್ನುತ್ತಿದ್ದ."

ತಂತಿಯನ್ನು ಪರ್ಸಿನ ಚಿಲ್ಲರೆ ಖಾನೆಗೆ ಹಾಕಿಕೊಂಡಳು.
ನಾನು ಸ್ವಿಚ್ಚಿಗೆ ಕೈ ಹಾಕಿದೆ.
ತಡೆದಳು.
"ಇರಲಿ ಬಿಡು, ಇನ್ನೊಂದು ಗಳಿಗೆ.
ಬಿಲ್ಲು ಚರ್ಚಿನದು."