ತಪ್ಪು ಮಾಡುವ ಪಾತ್ರ

ಡಬ್ಬಿ ತೆರೆದರೆ ಹುಳಿ ವಾಸನೆ,
ಉಪ್ಪಿನಕಾಯಿ ಜಾಡಿ ಕೆಟ್ಟಂತೆ.
ಹಳೆಯ ಫಿಲಂ ಸಾಯುವುದು ಮೊದಲು ಮೂಗಿಗೆ ತಿಳಿಯುತ್ತದೆ.
ಲಕ್ಷ್ಮೀಪುರದ ಈ ಹಿಂಗೋಣೆಯಲ್ಲಿ
ಬಿಳಿ ಕೈಗವಸು ತೊಟ್ಟು
ದಿನಕ್ಕೆ ನಾನೂರು ಅಡಿ ಒರೆಸುತ್ತೇನೆ.

ಮುಚ್ಚಳದ ಮೇಲೆ ಮಾಸಿದ ಅಕ್ಷರ:
ಜವಾನರಿಗಾಗಿ. ಹಿಮದಲ್ಲಿ ಪಾದಗಳ ಆರೈಕೆ.
ಹನ್ನೊಂದು ನಿಮಿಷ. ಸಾರ್ವಜನಿಕ ಪ್ರದರ್ಶನಕ್ಕಲ್ಲ.

ಪರದೆಯಲ್ಲಿ ಇಬ್ಬರು.
ಬಲಗಡೆಯವನು ಸಂಜೆಗೆ ಬೂಟು ಬಿಚ್ಚುತ್ತಾನೆ,
ಬೆರಳು ಬೆರಳಿನ ಸಂದಿಗೂ ಪುಡಿ ಉದುರಿಸುತ್ತಾನೆ,
ಒಣಗಿದ ಕಾಲುಚೀಲ ಎಳೆದುಕೊಳ್ಳುತ್ತಾನೆ.
ಎಡಗಡೆಯವನು ಬೀಡಿ ಹಚ್ಚಿ
ಒದ್ದೆ ಬೂಟಿನಲ್ಲೇ ಮಲಗುತ್ತಾನೆ.
ಹಿಂದಿಯ ಗಡಸು ದನಿ: ಇವನ ಹಾಗೆ ಮಾಡಬೇಡಿ.

ಆ 'ಇವನು' ಈಗ ನನ್ನ ಪಕ್ಕದಲ್ಲಿ 'ಇವರು':
ಬೋರಲಿಂಗಯ್ಯ, ಮಳವಳ್ಳಿಯಿಂದಾಚೆ.
ಬೆಳಗಿನ ಬಸ್ಸಿಗೆ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು
ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ.
"ಅದು ನಾನೇ ಕಣವ್ವ. ತೆಪ್ಪು ಮಾಡೋನು."

ಸಾಲು ನಿಲ್ಲಿಸಿ ಸಾಹೇಬರು ಕೇಳಿದರಂತೆ,
ಹಿಮ ಕಾಣದವರು ಯಾರು?
ಇವರು ಕೈ ಎತ್ತಿದರು.
ಹೇಗಿತ್ತು, ಸಕ್ಕರೆ ಹಾಗಾ? ಎಂದೆ.
ಮಂಡ್ಯದವರನ್ನು ಎಲ್ಲರೂ ಕೇಳುವುದು ಇದನ್ನೇ ಎಂಬಂತೆ ನಕ್ಕರು.
"ಸುಣ್ಣದಂಗೆ. ಮುಟ್ಟುದ್ರೆ ಸುಡೋದು."

ಏಳನೆಯ ನಿಮಿಷಕ್ಕೆ ಅವರ ಬೆರಳು ಕಪ್ಪಾಗುತ್ತವೆ
(ಕಾಡಿಗೆ, ಮೇಣ; ತೊಳೆಯಲು ಮೂರು ದಿನ ಹಿಡಿಯಿತಂತೆ).
ಒಂಬತ್ತಕ್ಕೆ ಕಂಬಳಿ ಮುಖದ ಮೇಲೆ ಬರುತ್ತದೆ.
ಆಮೇಲೆ ಯಾವ ಕ್ಯಾಂಪಿಗೆ ಹೋದರೂ
ಊಟದ ಸಾಲಿನಲ್ಲಿ ಯಾರೋ ಕೂಗುತ್ತಿದ್ದರು:
ಅರೆ, ಸತ್ತವನು ಬಂದ, ಅವನಿಗೊಂದು ರೊಟ್ಟಿ ಹೆಚ್ಚಿಗೆ ಹಾಕಿ!

ಈಗ ಬರಿಗಾಲು ನೋಡಿಕೊಳ್ಳುತ್ತಾರೆ.
ಹತ್ತೂ ಇವೆ. ಗದ್ದೆ ಕೆಸರಿನಲ್ಲಿ
ಒಂದು ಉಗುರು ಹೋಗಿದೆ, ಅಷ್ಟೆ.

ನನ್ನ ಚೀಟಿಯಲ್ಲೊಂದು ಖಾನೆ: ಗುರುತಿಸಲಾದ ವ್ಯಕ್ತಿಗಳು.
ಎಡ, ಬೋರಲಿಂಗಯ್ಯ.
ಬಲ?
"ಮಂಗತ್. ಚಂಬಾ ಕಡೆಯೋನು. ಮುಂದಿನ ಹೆಸ್ರು ಗೊತ್ತಿಲ್ಲ."
ಪ್ರೊಜೆಕ್ಟರಿನ ಫ್ಯಾನು ತಿರುಗುತ್ತಿತ್ತು.
"ಮಾರನೇ ಚಳಿಗಾಲ ಗುಡ್ಡವೇ ಜಾರ್ಕೊಂಡು ಬಂತು.
ಅಗೆದು ತೆಗೆದಾಗ ಕಾಲ್ಚೀಲ ಒಣಗೇ ಇತ್ತು.
ಪುಡೀನೂ ಹಾಕಿದ್ದ.
ಎಲ್ಲಾ ಸರಿಯಾಗೇ ಮಾಡಿದ್ದ ಕಣವ್ವ."

ರೀಲಿನಲ್ಲಿ ಇನ್ನೂ ಎರಡು ನಿಮಿಷ ಇದೆ.
ಮಂಗತ್ ಕ್ಯಾಮೆರಾ ಕಡೆ ನಡೆದು ಬರುತ್ತಾನೆ,
ಗಟ್ಟಿ ಹೆಜ್ಜೆ, ನಗು ತಡೆದುಕೊಂಡ ಮುಖ.
ಕಂಬಳಿಯೊಳಗಿನಿಂದ ಇವರು ಏನೋ ಅಂದಿದ್ದರಂತೆ.
ಏನು ಎಂದು ಕೇಳಿದೆ.
ಹೇಳಲಿಲ್ಲ.
ಆ ತುಂಡು ಇನ್ನೊಂದ್ಸಲ ಹಾಕವ್ವ, ಅಂದರು.