ಮೂರನೆಯ ಗುಂಡಿ

ತ್ಬಿಲಿಸಿಯ ಒಣಸೇತುವೆಯ ಮೇಲೆ, ಶನಿವಾರ,
ಹಳೇ ಬೆಡ್‌ಶೀಟು ಹಾಸಿ ಕೂತಿದ್ದ ಸ್ಪಿರಿದೋನ.
ಪದಕಗಳು, ಹಲ್ಲು ಕೀಳುವ ಇಕ್ಕಳ, ಮುಚ್ಚಳವಿಲ್ಲದ ಟೀಪಾಟು,
ಅವುಗಳ ನಡುವೆ ಇದು:
ಅಂಗೈಗಿಂತ ತುಸು ದೊಡ್ಡದು, ಹಸುಗೂಸಿನ ಭಾರ,
ಹಸಿರು ಬಣ್ಣ, ಮೂರು ಗುಂಡಿ.

"ಹೊಲಿಗೆ ಮಿಷನ್ನಿನ ಭಾಗ" ಅಂದ.
ಅಲ್ಲ ಅಂತ ನನಗೆ ಗೊತ್ತಿತ್ತು.
ನನಗೆ ಗೊತ್ತು ಅಂತ ಅವನಿಗೂ ಗೊತ್ತಾಯಿತು,
ನಲವತ್ತಿದ್ದ ಬೆಲೆ ಅರವತ್ತಾಯಿತು.

ಸೂಕ್ಷ್ಮದರ್ಶಕದ ಮಗ್ಗುಲಲ್ಲಿ ನಿಂತು
ಗಾಜಿನ ಸೂಜಿಯೊಂದನ್ನು ಹಿಡಿದು
ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ
ಕೂದಲನ್ನು ನೂರಾಗಿ ಸೀಳಿದರೆ
ಒಂದು ಸೀಳಿನಷ್ಟೇ ಸರಿಸಬೇಕಾದ ಯಂತ್ರ.
ಈಗ ಜಪ್ಪಯ್ಯ ಅಂದರೂ ಜಗ್ಗದು.
"ಕೆಲಸ ಮಾಡುತ್ತಾ?"
"ಬೀಳದೆ ನಿಂತಿದೆಯಲ್ಲ, ಇನ್ನೇನು ಬೇಕು?"

ರುಸ್ತಾವಿಯ ಮಿನಿಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.
ಪಕ್ಕದ ಅಜ್ಜಿ, ಗಡಿಯಾರವಾ ಅಂತ ಕೇಳಿದರು.
ಹೂಂ, ನಿಂತುಹೋಗಿದೆ, ಅಂದೆ.

ಹಳೆಯ ಗ್ರೀಸು ಸಾಯುವುದಿಲ್ಲ.
ಮೊದಲು ಜೇನು, ಆಮೇಲೆ ಅಂಟು, ಆಮೇಲೆ ಅರಗು.
ಶಾಲೆಯಲ್ಲಿ ಜೀವಶಾಸ್ತ್ರ ಹೇಳುವ ನಾನು
ಅಡುಗೆಮನೆಯ ಮೇಜಿನ ಮುಂದೆ ತೋಳು ಮಡಚಿದೆ.
ಪಕ್ಕದ ಮನೆಯ ಮಝೇವಾಳ ಹೇರ್‌ಡ್ರೈಯರ್ ಕಡ ತಂದು ಬಿಸಿಗಾಳಿ ಊದಿದೆ.
ಸೀಮೆಎಣ್ಣೆ ಹನಿಸಿ ರಾತ್ರಿಯಿಡೀ ಬಿಟ್ಟೆ.
ಮಾವ ಇಳಿಸಿದ ದ್ರಾಕ್ಷಿ ಸಾರಾಯಿ ಸವರಿದೆ:
ಗ್ರೀಸು ಕರಗಲಿಲ್ಲ,
ಸೀಸೆಯಲ್ಲಿ ಉಳಿದದ್ದನ್ನು ನಾನೂ ಮಾವನೂ ಕರಗಿಸಿದೆವು.
ರೊಟ್ಟಿಗೂ ಸೀಮೆಎಣ್ಣೆ ವಾಸನೆ ಅಂದಳು ತ್ಸಿಯಾಲಾ,
ನವೆಂಬರಿನಲ್ಲಿ ಮೂರು ದಿನ ಕಿಟಕಿ ತೆರೆದೇ ಇತ್ತು.

ಎಂಟನೆಯ ದಿನ ಮೊದಲ ಗುಂಡಿ
ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸುವವರ ಹಾಗೆ
ಹೊರಳಿತು, ಅರ್ಧ ಸುತ್ತು.
ಬಿಚ್ಚಿದೆ. ಹಿತ್ತಾಳೆಯ ಹಳಿಗಳ ನಡುವೆ
ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡು, ಹದಿನಾರು.
ಒಂದು ಜಾರಿ ಓಡಿತು.
ಟಾರ್ಚು ಹಿಡಿದು ನಾನು, ಪೊರಕೆ ಹಿಡಿದು ತ್ಸಿಯಾಲಾ.
ಕಡೆಗೆ ಸಿಕ್ಕಿದ್ದು ಮಗಳ ಕಾಲುಚೀಲದಲ್ಲಿ,
ಅವಳು ಅದನ್ನು ಶಾಲೆಗೆ ಹಾಕಿಕೊಂಡು ಹೋಗಿ ಬಂದಮೇಲೆ.

ಎರಡನೆಯದೂ ಬಿಟ್ಟುಕೊಟ್ಟಿತು.
ಮೂರನೆಯದು, ಮೇಲೆ ಕೆಳಗೆ ಹೋಗಬೇಕಾದದ್ದು,
ಊಹೂಂ.
ಅದರ ಅಂಚಿನಲ್ಲಿ ಇಕ್ಕಳ ಕಚ್ಚಿದ ಗುರುತು.
ನನಗಿಂತ ಮುಂಚೆ ಯಾರೋ ತಾಳ್ಮೆಗೆಟ್ಟಿದ್ದರು.
ಆ ಮನುಷ್ಯನನ್ನು ಒಂದು ವಾರ ಬೈದೆ.
ಗ್ರೀಸನ್ನು ಬೈದೆ, ಗ್ರೀಸು ಕಾಯಿಸಿದ ಕಾರ್ಖಾನೆಯನ್ನು,
ಆ ಕಾರ್ಖಾನೆಯಿದ್ದ ದೇಶವನ್ನು; ಅದೂ ಈಗಿಲ್ಲ,
ಬೈಗುಳ ಎಲ್ಲಿಗೆ ತಲುಪಿತೋ.

ಇಪ್ಪತ್ತೆರಡನೆಯ ರಾತ್ರಿ ಕರೆಂಟು ಹೋಯಿತು.
ಮೇಣದಬತ್ತಿ ಹಚ್ಚಿ, ಸುಳ್ಳೇಕೆ ಹೇಳಲಿ,
ನಾನೇ ಇಕ್ಕಳ ಕೈಗೆತ್ತಿಕೊಂಡಿದ್ದೆ. ಒಂದೆರಡು ಸಲ ಜಗ್ಗಿಯೂ ನೋಡಿದ್ದೆ.
ಆಗ ಆ ಓರೆ ಬೆಳಕಿನಲ್ಲಿ
ಹಸಿರು ಬಣ್ಣದಡಿ ಒಂದು ಉಬ್ಬು ಕಂಡಿತು,
ಸೊಳ್ಳೆ ಕಚ್ಚಿದಷ್ಟು.
ಉಗುರಿನಿಂದ ಕೆರೆದೆ.
ತಿರುಪು.

ಸಾಗಿಸುವಾಗ ಅಲುಗದಿರಲೆಂದು
ಕಾರ್ಖಾನೆಯಲ್ಲಿ ಯಾರೋ ಬಿಗಿದದ್ದು.
ಪೆಟ್ಟಿಗೆ ತೆರೆದವರು ಮೊದಲು ಸಡಿಲಿಸಬೇಕಾಗಿದ್ದು.
ಯಾರೂ ಸಡಿಲಿಸದೆ, ಅದರ ಮೇಲೇ ಬಣ್ಣ ಬಳಿದದ್ದು.

ಒಂದೂವರೆ ಸುತ್ತು, ಬಂತು.
ಬೆಣ್ಣೆಯಿಂದ ಕೂದಲೆಳೆದ ಹಾಗೆ ಏರಿತು, ಇಳಿಯಿತು,
ಆ ಗುಂಡಿಗೆ ಕಾಯಿಲೆಯೇ ಇರಲಿಲ್ಲ.
ಒಳಗಿನ ಹಲ್ಲುಗಳೆಲ್ಲ ಹೊಸದರ ಹಾಗೆ,
ಒಂದನ್ನು ಬಿಟ್ಟು.

ಈಗ ಶುಕ್ರವಾರದ ಕಡೆಯ ಪೀರಿಯಡ್ಡು.
ನಮ್ಮೂರ ಹೊಳೆಯ ಒಂದು ಹನಿ.
ಏಳನೆಯ ತರಗತಿಯ ಎಲಿಸೊ ಉಸಿರು ಬಿಗಿಹಿಡಿದು
ಗಾಜುಚಿಪ್ಪಿನ ಪಾಚಿಯೊಂದನ್ನು
ಇನ್ನೊಂದರ ಪಕ್ಕ ಕೂರಿಸಲು ಸೂಜಿ ಇಳಿಸುತ್ತಾಳೆ.
ಸುತ್ತಿಗೊಮ್ಮೆ, ಮುರಿದ ಹಲ್ಲಿನ ಜಾಗ ಬಂದಾಗ, ಟಕ್.
ಸೂಜಿ ನಡುಗುತ್ತದೆ. ಪಾಚಿ ತಪ್ಪಿಸಿಕೊಳ್ಳುತ್ತದೆ.

"ಮೇಷ್ಟ್ರೇ, ಇದನ್ನ ಮುರಿದದ್ದು ಯಾರು?"

ಇಕ್ಕಳ ನನ್ನ ಡ್ರಾಯರಿನಲ್ಲೇ ಇದೆ.
ಹಳಬರು ಯಾರೋ, ಅನ್ನುತ್ತೇನೆ.
ಅವಳು ನನ್ನ ಮುಖ ನೋಡುವುದಿಲ್ಲ,
ಕಣ್ಣು ಮತ್ತೆ ಮಸೂರಕ್ಕೆ,
ತುಟಿಯಲ್ಲೇ ಎಣಿಕೆ:
ಹತ್ತು, ಹನ್ನೊಂದು, ಹನ್ನೆರಡು,
ತಡೆ.