ಬರೆದವರು: ತಿಳಿದಿಲ್ಲ

ಅಂಗಡಿಗೆ ಬೀಗ ಹಾಕಿ, ಎರಡು ದಿನ ರಜೆ ಎಂದೆ.
‘ಯಾತರ ರಜಾ?’ ಹೊನ್ನವ್ವ ನಕ್ಕಳು.
ಫ್ಲೆಕ್ಸ್ ಮಷಿನ್ ಬಂದ ಮೇಲೆ ವರ್ಷವೆಲ್ಲ ರಜೆಯೇ.
ರಾಣೆಬೆನ್ನೂರಿಂದ ರಾತ್ರಿ ಬಸ್ಸು.
ಬೆಳಗ್ಗೆ ಮಂಗಳೂರು, ಮೈಗೆ ಅಂಟುವ ಗಾಳಿ,
ಇಸ್ತ್ರಿ ಅಂಗಿ ಹತ್ತೇ ನಿಮಿಷಕ್ಕೆ ಹಸಿ.

ಸಮುದ್ರ ಮೊದಲು ಎಂದಳು.
ಬಿಸಿಲು ಇಳಿಯಲಿ ಎಂದು ಸಬೂಬು ಹೇಳಿ
ಕದ್ರಿ ಏರಿನ ಸಣ್ಣ ಮ್ಯೂಸಿಯಮ್ಮಿಗೆ ಕರೆದೊಯ್ದೆ.
ತಲೆಗೆ ಹತ್ತು ರೂಪಾಯಿ.
ಚಪ್ಪಲಿ ಬಿಡಬೇಕೇನು ಎಂದು ಕೇಳಿ,
ಬೇಡವೆಂದರೂ ಬಿಟ್ಟೇ ಬಂದಳು.

ಮೂವತ್ತೊಂದು ವರ್ಷ ಬ್ರಶ್ ಹಿಡಿದವನು ನಾನು.
ಕಿರಾಣಿ, ಕಟಿಂಗ್ ಶಾಪು, ಬೀಜ ಗೊಬ್ಬರ,
ಲಾರಿಯ ಬೆನ್ನಿಗೆ ‘ಹಾರ್ನ್ ಮಾಡಿ’, ಶಾಲೆಯ ಗೋಡೆಗೆ ಗಾದೆ.
ಆದರೂ ಒಂದು ತೈಲಚಿತ್ರದ ಮುಂದೆ
ಇಷ್ಟು ಹತ್ತಿರ ಎಂದೂ ನಿಂತವನಲ್ಲ.
ಮೊದಲು ಕಣ್ಣು ಹೋದದ್ದು ಚಿತ್ರಕ್ಕಲ್ಲ, ಕೆಳಗಿನ ಚೀಟಿಗೆ:
‘ಮೀನು ಹೆಚ್ಚುವ ಹೆಂಗಸು. ತೈಲವಣ.
ಬರೆದವರು: ತಿಳಿದಿಲ್ಲ.’
ಅರ್ಕಾವತ್ತು ನುಂಗಿದ್ದರು. ತಿದ್ದಲು ಕೈ ಕಡಿಯಿತು.

ಆಮೇಲೆ ಅವಳು.
ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಕಾಲಡಿ ಮೆಟ್ಟುಕತ್ತಿ.
ಬಂಗುಡೆಯ ಬೆನ್ನಿನ ನೀಲಿಯನ್ನು
ಒಂದೇ ಎಳೆತಕ್ಕೆ ಎಳೆದಿದ್ದಾನೆ ಪುಣ್ಯಾತ್ಮ,
ಅಥವಾ ಪುಣ್ಯಾತ್ಗಿತ್ತಿ; ತಿಳಿದಿಲ್ಲವಲ್ಲ.
ಆ ಎಳೆತ ನನಗೆ ಗೊತ್ತು. ಉಸಿರು ಹಿಡಿಯಬೇಕು.
‘ಶ್ರೀ’ಯ ಸುತ್ತು ಮುಗಿಯುವ ತನಕ ನಾನೂ ಹಿಡಿಯುತ್ತಿದ್ದೆ.

ಮೊಣಕೈ ಹತ್ತಿರ, ಬಣ್ಣದೊಳಗೆ,
ಬ್ರಶ್ಶಿನ ಒಂದು ಕೂದಲು.
ಉದುರಿ, ಅಂಟಿ, ಒಣಗಿ, ಅಲ್ಲೇ ಉಳಿದುಬಿಟ್ಟಿದೆ.
ಅಗ್ಗದ ಬ್ರಶ್ಶು! ಎಂದೆ ಜೋರಾಗಿ.
ಕಾವಲಿನ ಜಾರಪ್ಪಣ್ಣ ಕುರ್ಚಿಯಿಂದ ಎದ್ದು ಬಂದರು:
‘ಮುಟ್ಟಬೇಡಿ ಮಾರಾಯ್ರೆ, ದೂರದಿಂದ ನೋಡಿ.’
ಯಾರು ಬರೆದದ್ದು?
‘ಹಾಕಿದ್ದಾರಲ್ಲ, ತಿಳಿದಿಲ್ಲ ಅಂತ.’

ಅಷ್ಟು ಹೊತ್ತೂ ಸುಮ್ಮನಿದ್ದ ಹೊನ್ನವ್ವ ಹೇಳಿದಳು:
‘ಹಸಿವಾಗೇತಿ ಅಕೀಗೆ. ಮಾರಿ ನೋಡ್ರಿ.’

ನನಗೆ ಕಂಡಿರಲಿಲ್ಲ.

ಇಳಿಜಾರಿನ ತಿರುವಿನಲ್ಲಿ ಹೋಟೆಲು. ಕೋರಿ ರೊಟ್ಟಿ ಎಂದು ಬೋರ್ಡು.
ರೊಟ್ಟಿ ಎಂದರೆ ನಮ್ಮದೇ ಎಂದು ನುಗ್ಗಿದೆವು.
ಬಂದದ್ದು ಕಾಗದದಷ್ಟು ತೆಳ್ಳಗಿನ ಗರಿಗರಿ ಹಾಳೆ,
ಮುರಿದರೆ ಸದ್ದು; ಅದರ ಮೇಲೆ ಹುಡುಗ ಸುರಿದ ಕೆಂಪು ಗಸಿ.
‘ಇದೇನ್ರಿ, ಹಪ್ಪಳ ಸಾರಿನಾಗ ಮುಳುಗಿಸ್ಯಾರ!’
‘ಗಡಿಬಿಡಿ ಮಾಡ್ಬೇಡಿ ಅಕ್ಕ, ಸ್ವಲ್ಪ ನೆನೀಲಿ.’
ಕಾದೆವು.
ಒಣಗಲಿ ಎಂದು ಕಾಯುವುದೇ ನನ್ನ ಕಸುಬು,
ನೆನೆಯಲಿ ಎಂದು ಕಾದ ಅನುಭವ ಇರಲಿಲ್ಲ.

ಅಂಚು ಮೆತ್ತಗಾಗಿ ನಡು ಇನ್ನೂ ಕಟಕಟ ಎನ್ನುವಾಗ
ಅವಳು ಐದೂ ಬೆರಳು ಇಳಿಸಿದಳು.
ತೆಂಗಿನಹಾಲು, ಹುರಿದ ಕೊತ್ತಂಬರಿ,
ಆಮೇಲೆ ತಡವಾಗಿ, ಗಂಟಲ ಹಿಂದೆ, ಮೆಣಸಿನಕಾಯಿ.
‘ಬ್ಯಾಡಗಿ,’ ಎಂದಳು ಮೂಗು ಒರೆಸಿಕೊಂಡು,
‘ನಮ್ಮ ಕಡೇದೈತಿ ಇದು.’
ನಮಗಿಂತ ಮೊದಲೇ ಘಟ್ಟ ಇಳಿದು ಬಂದು ಕೂತಿತ್ತು.

ಯಾರು ಮಾಡಿದ್ದು ಇದನ್ನ?
‘ಒಳಗೆ ಅಪ್ಪಿಯಕ್ಕ ಇದ್ದಾರೆ. ಕರೀಬೇಕಾ?’
ಬೇಡ ಎನ್ನುವಷ್ಟರಲ್ಲಿ ಕೂಗಿಯೇ ಬಿಟ್ಟ.
ಬಾಗಿಲ ಸಂದಿನಿಂದ ಒಂದು ಒದ್ದೆ ಕೈ, ಅರ್ಧ ಮುಖ:
‘ಎಂತ, ಉಪ್ಪು ಜಾಸ್ತಿಯಾ?’

ಉಪ್ಪು ಸರಿಯಿತ್ತು.

ಸಂಜೆ ಪಣಂಬೂರು ಬಸ್ಸಿನಲ್ಲಿ ಹೊನ್ನವ್ವ ಕೇಳಿದಳು:
‘ನೀವು ಬರದದ್ರಾಗ ನಿಮ್ಮ ಹೆಸರು ಹಾಕತಿದ್ರೇನು?’
ಹಾಕುತ್ತಿದ್ದೆ. ಬಲಗಡೆ ಮೂಲೆ, ಅರ್ಧ ಇಂಚು:
ಚಿತ್ರಾ ಆರ್ಟ್ಸ್, ಫೋನ್, ಐದು ಅಂಕಿ.
ಹೆಸರಿನ ಹಮ್ಮಿಗಲ್ಲ, ಮುಂದಿನ ಕೆಲಸ ಸಿಗಲೆಂದು.
ಆ ಫೋನು ತೆಗೆಸಿ ಹದಿನೇಳು ವರ್ಷ.
ಎಪಿಎಂಸಿ ಹಿಂದಿನ ಗೋಡೆಯಲ್ಲಿ ಒಂದು ಉಳಿದಿದೆ,
ಕೊನೆಯ ಎರಡು ಅಂಕಿ ಉದುರಿವೆ.

ಅವಳು ಬೆರಳು ಮೂಸಿದಳು.
‘ಸೋಪು ಹಚ್ಚಿ ತೊಳದ್ರೂ ಹೋಗಿಲ್ಲ ನೋಡ್ರಿ.’
ಕಿಟಕಿಯಾಚೆ ಸಮುದ್ರ ಇನ್ನೂ ಕಂಡಿರಲಿಲ್ಲ.